ಬಾಳಂತಿಯ ಚಿತ್ತರೋಗೌಷಧವೂ ಸ್ತನ್ಯವೂ

ಕಾರವಾರ ಅಂಕೋಲೆಗಳ ಕಡೆಯ ಕನ್ನಡದಲ್ಲಿ ಬಾಣಂತಿಯನ್ನು ‘ಬಾಳಂತಿ’ ಎನ್ನುವರು. ಪ್ರಸವಾನಂತರ ಒದಗುವ ಚಿತ್ತವಿಭ್ರಮೆಗೆ ನಮ್ಮ ನುಡಿಯಲ್ಲಿ ‘ಬಾಣಂತಿ ಸನ್ನಿ’ ಎಂಬುದು ರೂಢನಾಮ. ‘ಸನ್ನಿ’ಯು ‘ಸನ್ನಿಪಾತ’ದ ತದ್ಭವವು. ಇಂತಹ ತಾಯಿಯು ಔಷಧವನ್ನು ಸೇವಿಸುತ್ತ ಮಗುವಿಗೆ ಮೊಲೆಯೂಡಬಹುದೇ ಎಂಬುದೇ ಪ್ರಕೃತ ವಿಚಾರ. ಹಾಲು, ಔಷಧ ಇವೆರಡರಲ್ಲಿ ಒಂದನ್ನು ಬಿಡಲೇಬೇಕೆಂಬ ಭಾವನೆಯು ಸರ್ವತ್ರ ಸಲ್ಲತಕ್ಕದ್ದಲ್ಲ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಇದಕ್ಕೆ ಉಪಯುಕ್ತವಾದ ಎರಡು ಅಭಿಪ್ರಾಯಗಳಿವೆ. ಕ್ರೋಧ, ಶೋಕ, ವಾತ್ಸಲ್ಯಾಭಾವ ಇವುಗಳಿಂದ ಸ್ತನ್ಯನಾಶವಾಗುವುದೆಂಬುದು ಒಂದು. ಹಾಲನ್ನೇ ಕುಡಿಯುವ ಶಿಶುವು ರೋಗಗ್ರಸ್ತವಾದಾಗ ಧಾತ್ರಿಗೂ ಔಷಧವನ್ನು ಕೊಡತಕ್ಕದ್ದು, ಅನ್ನವನ್ನುಣ್ಣುವ ಮಗುವಾದರೆ ಅದಕ್ಕೆ ಮಾತ್ರ ಎಂಬುದು ಮತ್ತೊಂದು. ತಾಯಿಯ ಮನೋವ್ಯಥೆಯೇ ಹಾಲಿಗೆ ಶತ್ರುವೆಂಬುದೂ, ಆಕೆಯ ಔಷಧವು ಹಾಲಿನ ಮೂಲಕ ಮಗುವನ್ನು ಮುಟ್ಟುವುದೆಂಬುದೂ ಪೂರ್ವಿಕರಿಗೆ ವಿದಿತವಾಗಿದ್ದುವು. ಎಷ್ಟು ಮುಟ್ಟುವುದೆಂಬುದನ್ನು ಅಳೆದು ನೋಡಿದ್ದು ಆಧುನಿಕ ವೈದ್ಯವು.

ತಾಯಿಯ ರಕ್ತದಲ್ಲಿರುವ ಔಷಧದ ಅಂಶವು ಹಾಲಿಗೆ ಇಳಿಯುವುದು. ತಾಯಿ ಸೇವಿಸುವ ಪ್ರಮಾಣವನ್ನೂ ಮಗುವಿಗೆ ದೊರೆಯುವ ಪ್ರಮಾಣವನ್ನೂ ಅವರವರ ದೇಹತೂಕಕ್ಕೆ ಅನುಸರಿಸಿ ತುಲನೆಮಾಡಿದಾಗ, ಎರಡನೆಯದು ಮೊದಲನೆಯದರ ನೂರರಲ್ಲಿ ೧೦ ಪಾಲಿಗಿಂತ ಕಡಮೆಯಾಗಿದ್ದರೆ ಸಾಮಾನ್ಯವಾಗಿ ಸ್ವೀಕಾರಾರ್ಹವೆಂದೆಣಿಸುವರು. ವಿಷಾದರೋಗಕ್ಕೆ ಕೊಡುವ ಸರ್ಟ್ರಲೀನ್ ಇದಕ್ಕಿಂತ ಬಹಳ ಕೆಳಗೆ ನಿಲ್ಲುವುದು. ಆದಕಾರಣ ಹಾಲೂಡುವವರಿಗೆ ವೈದ್ಯರು ಅದನ್ನೇ ಹೆಚ್ಚಾಗಿ ಆರಿಸುವರು. ಲಿಥಿಯಂ ಅಧಿಕವಾಗಿ ಇಳಿಯುವುದರಿಂದ ಹಲವರು ಅದನ್ನು ವರ್ಜಿಸುವರು. ಕೊಟ್ಟರೆ ಮಗುವಿನ ರಕ್ತಪರೀಕ್ಷೆ ಅವಶ್ಯ. ಕ್ಲೋಜಪೀನ್ ಮಗುವಿನ ಬಿಳಿಯ ರಕ್ತಕಣಗಳನ್ನು ಕುಗ್ಗಿಸಬಹುದೆಂಬ ಭಯದಿಂದ ವರ್ಜ್ಯ. ಡಯಾಜೆಪಾಮ್ ದೇಹದಲ್ಲಿ ಬಹುಕಾಲ ಉಳಿದು ಮಗುವಿಗೆ ಜಡತೆಯನ್ನು ತರಬಲ್ಲುದು. ಅರಿಪಿಪ್ರಜೋಲ್ ಎಂಬುದು ಪ್ರೊಲ್ಯಾಕ್ಟಿನ್ ಎಂಬ ಸ್ತನ್ಯಜನಕ ಸ್ರಾವವನ್ನು ತಗ್ಗಿಸಿ ಹಾಲನ್ನೇ ಬತ್ತಿಸಬಹುದು.

ಔಷಧವನ್ನು ಥಟ್ಟನೆ ಬಿಟ್ಟರೆ ರೋಗವು ಮರುಕಳಿಸುವುದುಂಟು. ಸನ್ನಿಯು ಉಲ್ಬಣಿಸಿದರೆ ತಾಯಿ ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಆದಕಾರಣ ಔಷಧವನ್ನಾಗಲಿ ಹಾಲನ್ನಾಗಲಿ ನಿಲ್ಲಿಸುವ ನಿರ್ಣಯವನ್ನು ಮನೆಯ ಹಿರಿಯರು ತಾವೇ ಮಾಡಬಾರದು. ಹಾಲೂಡುತ್ತಿರುವ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮಗು ವಿಪರೀತ ನಿದ್ರಿಸಿದರೆ, ಚೀಪಲು ಸೋತರೆ, ತೂಕ ಏರದಿದ್ದರೆ ತಡಮಾಡದೆ ತೋರಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಯಕೃತ್ತೂ ಮೂತ್ರಪಿಂಡಗಳೂ ಬಲಿತಿರವು. ಅಲ್ಲಿ ಎಚ್ಚರವು ಇಮ್ಮಡಿಯಾಗಿರಬೇಕು.

ಕಾರವಾರದಲ್ಲಿ ೨೦೧೬ರಿಂದ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯುಂಟು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ೨೦೦೯ರಲ್ಲಿ ತೆರೆದ ವಿಭಾಗದಲ್ಲಿ ತಾಯಿಯನ್ನು ಮಗುವಿನೊಡನೆಯೇ ಇರಿಸಿಕೊಂಡು ಚಿಕಿತ್ಸೆಮಾಡುವರು. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ೧೪೪೧೬ ಅಂಕೋಲೆಯ ಹಳ್ಳಿಯ ಮನೆಗೂ ನಿಲುಕುವುದು. ಸನ್ನಿಯೆಂಬ ಹೆಸರನ್ನು ಬಲ್ಲ ನಾವು ಇವುಗಳ ಹೆಸರನ್ನೂ ನಾಲ್ವರಿಗೆ ತಿಳಿಸುವುದು ಯುಕ್ತವು.