ಕಳ್ಳ ಹುಟ್ಟುತ್ತಾನೋ, ಆಗುತ್ತಾನೋ?

ಡಿಗ್ರಿ ಮುಗಿಸಿದ ಮಗಳು “ಅಮ್ಮಾ, ನಾನು ಮುಂದಕ್ಕೆ ಅಪರಾಧಶಾಸ್ತ್ರ ಓದ್ತೀನಿ” ಎಂದರೆ ನಿಮಗೆ ಏನನ್ನಿಸೀತು? “ಅಯ್ಯೋ, ಕಳ್ಳಕಾಕರ ವಿಷಯ ಓದೋದಕ್ಕೂ ಒಂದು ಕಾಲೇಜು ಬೇಕೇನೇ? ನಾಳೆ ಹೆಣ್ಣು ನೋಡೋಕೆ ಬಂದವರಿಗೆ ಏನಂತ ಹೇಳೋದು?” ಎನ್ನುವ ತಾಯಂದಿರೇ ಹೆಚ್ಚು. ಗಾಬರಿಯಾಗಬೇಡಿ. ಬೀಗ ಒಡೆಯುವುದನ್ನಾಗಲೀ, ಕಳ್ಳನ ಹಿಂದೆ ಓಡುವುದನ್ನಾಗಲೀ ಅಲ್ಲಿ ಕಲಿಸುವುದಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆಂದೇ ಒಂದು ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯದಲ್ಲಿಯೂ ಇದನ್ನು ಕಲಿಸುತ್ತಾರೆ. ಬೆರಳಚ್ಚು, ರಕ್ತದ ಕಲೆ ಇವುಗಳ ಪರೀಕ್ಷೆ ವಿಧಿವಿಜ್ಞಾನದ ಪಾಲಿಗೆ ಸೇರಿದ್ದು. ಅಪರಾಧಶಾಸ್ತ್ರ ಕೇಳುವ ಪ್ರಶ್ನೆಯೇ ಬೇರೆ: ಮನುಷ್ಯ ತಪ್ಪುದಾರಿ ಹಿಡಿಯುವುದಾದರೂ ಏಕೆ? ಈ ಪ್ರಶ್ನೆಗೆ ನಮ್ಮ ಅಜ್ಜಿಯರು ಗಾದೆಗಳಲ್ಲಿ ಉತ್ತರ ಹೇಳಿಬಿಟ್ಟಿದ್ದಾರೆ. ವಿದ್ವಾಂಸರು ಮಾಡಿರುವುದೂ ಹೆಚ್ಚುಕಡಿಮೆ ಅದನ್ನೇ. ಆದರೆ ಅವರು ತಮ್ಮ ಮಾತನ್ನು ತಕ್ಕಡಿಗೆ ಹಾಕಿ ತೂಗಿ ನೋಡಿದರು. ಕೆಲವು ತೂಕಕ್ಕೆ ನಿಂತವು, ಕೆಲವು ನಿಲ್ಲಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದೇ?

1876ರಲ್ಲಿ ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೋ ಒಂದು ಪುಸ್ತಕ ಬರೆದ. ಕೆಲವರು ಹುಟ್ಟುತ್ತಲೇ ಅಪರಾಧಿಗಳು. ದೊಡ್ಡ ದವಡೆ, ಮುಂಚಾಚಿದ ಕಿವಿ, ಉದ್ದನೆಯ ತೋಳು ನೋಡಿಯೇ ಅವರನ್ನು ಗುರುತಿಸಬಹುದು ಎಂದ. “ಅವನ ಮುಖ ನೋಡಿದರೇ ಗೊತ್ತಾಗೋಲ್ವೇ?” ಎಂದು ನಾವು ಅನ್ನುತ್ತೇವಲ್ಲ, ಅದೇ ಮಾತು. ಯುರೋಪಿನಲ್ಲೆಲ್ಲಾ ಇದು ಭಾರೀ ಹೆಸರು ಮಾಡಿತು. ಕೊನೆಗೆ ಇಂಗ್ಲೆಂಡಿನ ಜೈಲಿನ ವೈದ್ಯ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಕೈದಿಗಳ ಮೈ ಅಳತೆಗಳನ್ನು ವಿದ್ಯಾರ್ಥಿಗಳು, ಸೈನಿಕರು ಮುಂತಾದವರ ಅಳತೆಯ ಜೊತೆ ಹೋಲಿಸಿ, 1913ರಲ್ಲಿ ಫಲಿತಾಂಶ ಪ್ರಕಟಿಸಿದ. ಅಪರಾಧಿಗೆಂದೇ ಬೇರೆ ಮೈಕಟ್ಟು, ಬೇರೆ ಮುಖ ಯಾವುದೂ ಇರಲಿಲ್ಲ!

ಆದರೆ ‘ಹುಟ್ಟು ಕಳ್ಳರು’ ಎಂಬ ಮಾತು ಪುಸ್ತಕದಲ್ಲಷ್ಟೇ ಇದ್ದದ್ದಲ್ಲ. ಲೊಂಬ್ರೋಸೋನ ಪುಸ್ತಕಕ್ಕೂ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರ ನಮ್ಮ ದೇಶದಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ ತಂದಿತ್ತು. ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿದರು. ಹಾಜರಿ ಕೊಡಬೇಕು, ಊರು ಬಿಡಲು ಚೀಟಿ ಪಡೆಯಬೇಕು. ನಮ್ಮ ಹುಬ್ಬಳ್ಳಿಯಲ್ಲಿಯೂ ಇಂತಹವರಿಗಾಗಿ ಒಂದು ವಸಾಹತು ಇತ್ತು. ‘ಸೆಟ್ಲ್‌ಮೆಂಟ್’ ಎಂಬ ಹೆಸರು ಅಲ್ಲಿ ಇನ್ನೂ ಉಳಿದಿದೆ. ಕಾಯಿದೆ ರದ್ದಾದದ್ದು 1952ರಲ್ಲಿ. ತೊಟ್ಟಿಲಲ್ಲಿದ್ದ ಕೂಸಿಗೂ ಕಳ್ಳರ ಕುಲದ್ದೆಂಬ ಹೆಸರು ಅಂಟಿತ್ತೆಂದರೆ, ಆ ಕೂಸಿನ ತಾಯಿಯ ಸಂಕಟ ಎಂಥದ್ದಿರಬೇಕು, ನೀವೇ ಯೋಚಿಸಿ.

ಸಹವಾಸದಿಂದ ಸನ್ಯಾಸಿ ಕೆಟ್ಟ

ಅಮೆರಿಕದ ಪ್ರೊಫೆಸರ್ ಎಡ್ವಿನ್ ಸದರ್‌ಲ್ಯಾಂಡ್ ನಮ್ಮ ಈ ಗಾದೆ ಕೇಳಿದ್ದರೆ ತಲೆದೂಗುತ್ತಿದ್ದರೋ ಏನೋ. ಅಪರಾಧ ರಕ್ತದಲ್ಲಿ ಬರುವುದಲ್ಲ, ಅಡುಗೆ ಕಲಿತ ಹಾಗೆ, ಭಾಷೆ ಕಲಿತ ಹಾಗೆ ಹತ್ತಿರದವರಿಂದ ಕಲಿಯುವಂಥದ್ದು ಎಂಬುದು ಅವರ ಸಿದ್ಧಾಂತ. 1947ರಲ್ಲಿ ಅದನ್ನು ಒಂಬತ್ತು ಸೂತ್ರಗಳಾಗಿ ಬರೆದರು. ಹುಡುಗ ಕಲಿಯುವುದು ಕಳ್ಳತನದ ಕೈಚಳಕವನ್ನು ಮಾತ್ರವಲ್ಲ. “ಎಲ್ಲಾರೂ ಮಾಡ್ತಾರೆ ಬಿಡು” ಎಂಬ ಸಮಾಧಾನವನ್ನೂ ಜೊತೆಗೇ ಕಲಿಯುತ್ತಾನೆ.

ಹಾಗೆಂದ ಕೂಡಲೇ “ಆ ಬೀದಿಯ ಹುಡುಗರ ಜೊತೆ ಸೇರಬೇಡ” ಎಂದು ಮಗನನ್ನು ಗದರಲು ಹೊರಟಿರಾ? ಸ್ವಲ್ಪ ನಿಲ್ಲಿ. ಇದೇ ಸದರ್‌ಲ್ಯಾಂಡ್ 1949ರಲ್ಲಿ ಅಮೆರಿಕದ 70 ದೊಡ್ಡ ಕಂಪನಿಗಳ ವ್ಯವಹಾರ ಪರಿಶೀಲಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟವರೂ ಕಾನೂನು ಮುರಿಯುತ್ತಾರೆ, ಅದನ್ನೂ ಜೊತೆಗಾರರಿಂದಲೇ ಕಲಿಯುತ್ತಾರೆ ಎಂದು ತೋರಿಸಿದರು. ಕೆಟ್ಟ ಸಹವಾಸ ಬಡವರ ಓಣಿಯಲ್ಲೇ ಇರಬೇಕೆಂದಿಲ್ಲ. ತೂಕದಲ್ಲಿ ಮೋಸ ಮಾಡಿದ್ದನ್ನೋ, ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡದ್ದನ್ನೋ ದೊಡ್ಡವರು ಊಟದ ಹೊತ್ತಿನಲ್ಲಿ ಜಾಣತನವೆಂದು ಹೇಳಿಕೊಂಡರೆ, ಪಕ್ಕದಲ್ಲಿ ಅನ್ನ ಕಲಸುತ್ತಿರುವ ಮಗುವಿಗೆ ಅದೂ ಪಾಠವೇ.

ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಈ ಗಾದೆಯ ಒಳಗಿನ ನೋವನ್ನು ಫ್ರಾಂಕ್ ಟ್ಯಾನನ್‌ಬಾಮ್ ಎಂಬ ವಿದ್ವಾಂಸ 1938ರಲ್ಲಿ ಬಿಡಿಸಿ ಹೇಳಿದ. ಕಿಟಕಿ ಗಾಜಿಗೆ ಕಲ್ಲು ಹೊಡೆಯುವುದು, ತಳ್ಳುಗಾಡಿಯಿಂದ ಏನನ್ನೋ ಎಗರಿಸುವುದು ಹುಡುಗನ ಪಾಲಿಗೆ ಮೊದಲು ಆಟ. ದೊಡ್ಡವರಿಗೆ ಅದು ಕೆಟ್ಟ ಕೆಲಸ. ಬರಬರುತ್ತಾ “ಕೆಲಸ ಕೆಟ್ಟದ್ದು” ಎನ್ನುವ ಮಾತು “ಹುಡುಗನೇ ಕೆಟ್ಟವನು” ಎಂದು ತಿರುಗುತ್ತದೆ. ಊರೆಲ್ಲಾ ಹಾಗೆಂದ ಮೇಲೆ ಅವನೂ ಅದನ್ನೇ ನಂಬುತ್ತಾನೆ. ಒಳ್ಳೆಯ ಮಕ್ಕಳ ತಾಯಂದಿರು ಅವನನ್ನು ಮನೆಗೆ ಸೇರಿಸುವುದಿಲ್ಲ. ಇನ್ನು ಅವನನ್ನು ಸೇರಿಸಿಕೊಳ್ಳುವವರು ಯಾರು? ಅವನಂತೆಯೇ ಹೆಸರು ಕೆಟ್ಟವರು.

ಈ ವಿಚಾರ ನಮ್ಮ ಕಾನೂನಿಗೂ ಬಂದಿದೆ. 2015ರ ಬಾಲ ನ್ಯಾಯ ಕಾಯಿದೆಯ ಪ್ರಕಾರ 18 ವರ್ಷದೊಳಗಿನ ಮಗು ತಪ್ಪು ಮಾಡಿದರೆ ‘ಅಪರಾಧಿ’ ಮೊದಲಾದ ಹಣೆಪಟ್ಟಿ ಹಚ್ಚುವ ಮಾತುಗಳನ್ನು ಬಳಸಕೂಡದು. ಗುರುತು ಸಿಕ್ಕುವಂತೆ ಹೆಸರು, ವಿಳಾಸ, ಶಾಲೆಯನ್ನು ಪತ್ರಿಕೆಗಳು ಪ್ರಕಟಿಸಕೂಡದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇದನ್ನು ತೂಗಿ ನೋಡಿದವರಲ್ಲಿ ಒಬ್ಬಾಕೆ ಹೆಂಗಸು ಎನ್ನುವುದು ನಮಗೆ ಹೆಮ್ಮೆಯ ವಿಷಯ. ಎಲಿನರ್ ಗ್ಲೂಕ್ ಮತ್ತು ಆಕೆಯ ಗಂಡ ಶೆಲ್ಡನ್ ಗ್ಲೂಕ್ ಅಮೆರಿಕದ ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದವರು. ಗಂಡ ಪ್ರೊಫೆಸರ್ ಆದರು. ಸರಿಸಮನಾಗಿ ದುಡಿದ ಹೆಂಡತಿಗೆ ಆ ಪದವಿ ಸಿಕ್ಕಲಿಲ್ಲ. ಬಾಸ್ಟನ್ ಪ್ರದೇಶದಲ್ಲಿ ತಪ್ಪುದಾರಿ ಹಿಡಿದ 500 ಹುಡುಗರನ್ನೂ, ಅಂಥದ್ದೇ ಬಡ ಓಣಿಗಳ, ಅದೇ ವಯಸ್ಸಿನ, ನೆಟ್ಟಗಿದ್ದ ಇನ್ನು 500 ಹುಡುಗರನ್ನೂ ಆರಿಸಿ, ಅವರ ಮನೆಮನೆಯ ವಿವರ ಸಂಗ್ರಹಿಸಿದರು. 1950ರಲ್ಲಿ ಬಂದ ಅವರ ಪುಸ್ತಕ ಬಡತನಕ್ಕಿಂತಲೂ ಮನೆಯೊಳಗಿನ ಬಾಳುವೆಗೆ ಹೆಚ್ಚು ತೂಕ ಕೊಟ್ಟಿತು. ತಂದೆತಾಯಿಯರ ಅಕ್ಕರೆ, ಮಗ ಎಲ್ಲಿದ್ದಾನೆಂಬ ನಿಗಾ, ಒಂದೇ ಸಮನಾದ ಶಿಸ್ತು ಇದ್ದ ಮನೆಯ ಮಕ್ಕಳು ಕೆಟ್ಟದ್ದು ಕಡಿಮೆ. ಇವತ್ತು ಬಾಸುಂಡೆ ಬರುವ ಹಾಗೆ ಹೊಡೆದು, ನಾಳೆ ಕಂಡೂ ಕಾಣದ ಹಾಗೆ ಬಿಟ್ಟುಬಿಡುವ ಮನೆಗಳಲ್ಲಿ ಕೆಟ್ಟದ್ದು ಹೆಚ್ಚು.

“ಹಾಗಾದರೆ ಕೆಟ್ಟವನ ಕಥೆ ಮುಗೀತೇ?” ಎಂದು ಕೇಳುತ್ತೀರಿ. ಇಲ್ಲ. ಆ ಹಳೆಯ ಕಾಗದಪತ್ರಗಳು ಹಾರ್ವರ್ಡ್‌ನ ನೆಲಮಾಳಿಗೆಯಲ್ಲಿ ಪೆಟ್ಟಿಗೆಗಳಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಅವನ್ನು ಬಿಚ್ಚಿ, ಆ ಹುಡುಗರು ದೊಡ್ಡವರಾದ ಮೇಲೆ ಏನಾದರೆಂದು ನೋಡಿದರು. 1993ರಲ್ಲಿ ಅವರು ಪ್ರಕಟಿಸಿದ್ದು ನೆಮ್ಮದಿ ಕೊಡುವ ಸಂಗತಿ. ಜೈಲು ಕಂಡವರಲ್ಲಿಯೂ ಎಷ್ಟೋ ಮಂದಿ ಮುಂದೆ ನೆಟ್ಟಗಾಗಿದ್ದರು. ನಿಂತ ನೌಕರಿ ಸಿಕ್ಕಿದ್ದು, ಹೊಂದಿಕೊಂಡು ಬಾಳುವ ಹೆಂಡತಿ ಸಿಕ್ಕಿದ್ದು ಅವರನ್ನು ದಾರಿಗೆ ತಂದಿತ್ತು. ಮರವೂ ಬಗ್ಗೀತು! ಹಾಗೆಂದು ‘ಮದುವೆ ಮಾಡಿದರೆ ಸರಿಹೋಗ್ತಾನೆ’ ಎಂದು ಪುಂಡ ಮಗನಿಗೆ ಯಾರದೋ ಮನೆಯ ಹೆಣ್ಣುಮಗಳನ್ನು ಕಟ್ಟಬೇಡಿ. ಅವರು ಹೇಳಿದ್ದು ಇಬ್ಬರೂ ಒಪ್ಪಿ, ಪ್ರೀತಿಯಿಂದ ಬಾಳಿದ ಮದುವೆಯ ಮಾತು.

ನಾವು ಮಾಡಬಹುದಾದ್ದು

ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ಒಂದು ದಿನ ಕಾಣೆಯಾಯಿತು, ತೆಗೆದವನು ಮಗನೇ ಎಂದು ಗೊತ್ತಾಯಿತು ಎನ್ನೋಣ. ಸುಮ್ಮನೆ ಬಿಡಬೇಡಿ, ಕೂರಿಸಿಕೊಂಡು ಕೇಳಿ. ಯಾತಕ್ಕೆ ಬೇಕಿತ್ತು, ಯಾರ ಜೊತೆ ಖರ್ಚು ಮಾಡಿದ, ನಿಮ್ಮ ಹತ್ತಿರ ಕೇಳಲು ಹೆದರಿಕೆ ಯಾಕಾಯಿತು ಎಂದು ತಿಳಿದುಕೊಳ್ಳಿ. ಆ ದುಡ್ಡನ್ನು ಮನೆಕೆಲಸ ಮಾಡಿಯೋ, ಕೈಖರ್ಚು ಉಳಿಸಿಯೋ ತೀರಿಸಲಿ. “ನೀನು ಮಾಡಿದ್ದು ಕಳ್ಳತನ” ಎನ್ನಿ. “ನೀನು ಕಳ್ಳ” ಎನ್ನಬೇಡಿ. ಅಕ್ಕಪಕ್ಕದವರ ಮುಂದೆ, ನೆಂಟರ ಮುಂದೆ ಆ ಮಾತು ಎತ್ತಲೇಬೇಡಿ. ದುಡ್ಡು ತೀರಿದ ಮೇಲೆ ಅಲ್ಲಿಗೆ ಮುಗಿಯಿತು. ಡಬ್ಬಿಗೆ ಬೀಗ ಹಾಕುವುದಕ್ಕಿಂತ, ಎರಡು ದಿನ ಬಿಟ್ಟು ಅವನ ಕೈಗೇ ದುಡ್ಡು ಕೊಟ್ಟು ಅಂಗಡಿಗೆ ಕಳಿಸಿ. ಚಿಲ್ಲರೆ ತಂದುಕೊಟ್ಟಾಗ ಎಣಿಸಿ ಇಟ್ಟುಕೊಳ್ಳಿ.

ಇದೇ ತಪ್ಪನ್ನು ಪಕ್ಕದ ಮನೆಯ ಹುಡುಗನೋ, ಕೆಲಸದಾಕೆಯ ಮಗನೋ ಮಾಡಿದಾಗ ಮಾತ್ರ ನಮ್ಮ ನಾಲಿಗೆ ಬೇಗ ಹರಿಯುತ್ತದೆ. ಅವನ ತಾಯಿಯನ್ನು ಬೇರೆಯಾಗಿ ಕರೆದು ಮೆಲ್ಲಗೆ ಹೇಳಿ. ನಮ್ಮ ಮಗನಿಗೆ ಸಿಕ್ಕಿದ ಎರಡನೆಯ ಅವಕಾಶ ಅವಳ ಮಗನಿಗೂ ಸಿಗಲಿ.