ಬೇಸ್ ಗಿಟಾರಿನ ನಾದ ಸುಧಾರಿಸಲು ಹೊಸ ವಾದ್ಯವೇ ಬೇಕೆ?

ಗಣೇಶೋತ್ಸವ ಮುಗಿದ ವಾರದಲ್ಲಿ, ಕಲ್ಯಾಣದ ಹೋಟೆಲೊಂದರಲ್ಲಿ ದುಡಿಯುವ ನಮ್ಮೂರ ಕಡೆಯ ತರುಣನೊಬ್ಬನು ನಮ್ಮ ಕಾರ್ಯಾಲಯಕ್ಕೆ ಬಂದನು. ಹೆಗಲ ಮೇಲಿನ ಉದ್ದನೆಯ ಚೀಲದಲ್ಲಿ, ಎರಡು ವರ್ಷ ಸಂಬಳ ಉಳಿಸಿ ಕೊಂಡ ಬೇಸ್ ಗಿಟಾರು ಇತ್ತು. "ಅಣ್ಣಾ, ಇದನ್ನು ಮಾರಿಬಿಡುತ್ತೇನೆ. ಒಳ್ಳೆಯ ಕಂಪೆನಿಯದು ಕೊಳ್ಳಬೇಕು. ಸ್ವಲ್ಪ ಸಾಲ ಸಿಕ್ಕೀತೇ?" ಎಂದು ಕೇಳಿದನು. ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ಅವನ ವಾದ್ಯವು ಗುಂಯ್ ಎಂದು ಮೊರೆದುದಲ್ಲದೆ ಒಂದು ಸ್ವರವೂ ಬಿಡಿಯಾಗಿ ಕೇಳಿಸಲಿಲ್ಲವಂತೆ. ನವರಾತ್ರಿಗೆ ಬೇರೆಯವರನ್ನು ನೋಡಿಕೊಳ್ಳುವೆವೆಂದು ತಂಡದವರು ಹೇಳಿದ್ದರಂತೆ.

ಸಾಲದ ಮಾತಿಗೆ ಮುನ್ನ ನಾವು ಅವನನ್ನು ಠಾಣೆಯ ಒಬ್ಬ ಅನುಭವಿ ವಾದ್ಯ ದುರಸ್ತಿಗಾರರಲ್ಲಿಗೆ ಕರೆದೊಯ್ದೆವು. ಅಲ್ಲಿ ಕಂಡು ಕೇಳಿದ ಸಂಗತಿಗಳು ಡೊಂಬಿವಲಿ, ನವಿ ಮುಂಬಯಿಗಳಲ್ಲಿ ಹಗಲು ದುಡಿದು ರಾತ್ರಿ ನುಡಿಸುವ ಇತರ ತರುಣರಿಗೂ ಉಪಯುಕ್ತವಾದಾವೆಂದು ಇಲ್ಲಿ ಬರೆಯುತ್ತಿದ್ದೇವೆ.

ಯಕ್ಷಗಾನದಲ್ಲಿ ಚೆಂಡೆಯ ಅಬ್ಬರವನ್ನು ಎಲ್ಲರೂ ಕೇಳುವರು. ಭಾಗವತರ ಪದವನ್ನು ಹೊತ್ತು ನಡೆಯುವುದಾದರೋ ಮದ್ದಳೆ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರಿನದು ಅಂಥದೇ ಕೆಲಸ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಈ ವಾದ್ಯವು ಬಳಕೆಗೆ ಬಂದಿತು. ಇದರ ನಾಲ್ಕು ತಂತಿಗಳಲ್ಲಿ ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ದಪ್ಪ ತಂತಿಯಾದರೆ ಸುಮಾರು 82 ಸಲ. ಶಂಕರ್ ನಾಗ್ ನಿರ್ದೇಶಿಸಿದ 'ಗೀತಾ' (1981) ಚಿತ್ರಕ್ಕೆ ಇಳಯರಾಜರು ನೀಡಿದ ಸಂಗೀತವನ್ನು ಇನ್ನೊಮ್ಮೆ ಗಮನವಿಟ್ಟು ಕೇಳಿದರೆ, ಹಾಡಿನ ಕೆಳಗೆ ಬೇಸ್ ಹೇಗೆ ತನ್ನದೇ ದಾರಿಯಲ್ಲಿ ನಡೆಯುತ್ತದೆಂಬುದು ತಿಳಿದೀತು.

ದುರಸ್ತಿಗಾರರು ಮೊದಲು ನೋಡಿದುದು ವಾದ್ಯದ ಕತ್ತನ್ನು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಮರವು ಬಾಗುತ್ತದೆ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಅವರು ಅದನ್ನು ಸರಿಪಡಿಸಿದರು. ಅನಂತರ ಹನ್ನೆರಡನೆಯ ಮನೆಯಲ್ಲಿ ತಂತಿಯನ್ನು ಬರಿದೆ ಮುಟ್ಟಿ ಒಂದು ಸ್ವರ, ಒತ್ತಿ ಇನ್ನೊಂದು ಸ್ವರ ನುಡಿಸಿ ಹೋಲಿಸಿದರು. ಒತ್ತಿದ ಸ್ವರವು ಏರಿದ್ದರೆ ಕೆಳಗಿನ ಕುದುರೆಯನ್ನು ಹಿಂದಕ್ಕೂ, ಇಳಿದಿದ್ದರೆ ಮುಂದಕ್ಕೂ ಸರಿಸಬೇಕು. ಹಾಗೆ ಮಾಡದಿದ್ದಲ್ಲಿ ಎಷ್ಟು ಶ್ರುತಿಗೂಡಿಸಿದರೂ ಮೇಲಿನ ಮನೆಗಳಲ್ಲಿ ಅಪಸ್ವರ ತಪ್ಪದು.

ತಂತಿಗಳಾದರೋ ಕೈಬೆವರು ಕುಡಿದು ಸತ್ತುಹೋಗಿದ್ದವು. ಹೊಸ ತಂತಿ ಕೊಳ್ಳಲು ಹಣವಿಲ್ಲದಿದ್ದರೆ ಹಳೆಯವನ್ನು ಬಿಚ್ಚಿ, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಚೆನ್ನಾಗಿ ಒರೆಸಿ ಒಣಗಿಸಿದರೆ ಸುರುಳಿಗಳ ಕೊಳೆ ಬಿಟ್ಟು ಕೆಲವು ದಿನ ನಾದ ಮರಳುತ್ತದೆ. ಹೋಟೆಲಿನವರಿಗೆ ಕುದಿಯುವ ನೀರಿಗೇನು ಬರವೇ! ಪ್ರತಿದಿನ ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸುವುದು ಇನ್ನೂ ಒಳಿತು.

ಇನ್ನು ಕೈಯ ವಿಚಾರ. ನಮ್ಮ ತರುಣನು ಒಂದು ತಂತಿಯನ್ನು ಮೀಟುವಾಗ ಉಳಿದವು ತಾವಾಗಿಯೇ ಕಂಪಿಸುತ್ತಿದ್ದವು. ಮೊರೆತಕ್ಕೆ ಅರ್ಧ ಕಾರಣ ಅದೇ. ಬಲಗೈ ಹೆಬ್ಬೆರಳನ್ನು ದಪ್ಪ ತಂತಿಯ ಮೇಲೂ, ಎಡಗೈಯ ಬಿಡುವಾದ ಬೆರಳುಗಳನ್ನು ಇತರ ತಂತಿಗಳ ಮೇಲೂ ಹಗುರವಾಗಿ ಇರಿಸಿ ಅವನ್ನು ಸುಮ್ಮನಿರಿಸಬೇಕು. ತೋರುಬೆರಳು, ನಡುಬೆರಳುಗಳಿಂದ ಸರದಿಯಂತೆ ಸಮಬಲದಲ್ಲಿ ಮೀಟಬೇಕು. ಕುದುರೆಯ ಹತ್ತಿರ ಮೀಟಿದರೆ ಸ್ವರ ಬಿಗಿ, ಸ್ಪಷ್ಟ. ಕತ್ತಿನ ಹತ್ತಿರ ಮೀಟಿದರೆ ದುಂಡು. ಡ್ರಮ್ಮಿನ ಕಾಲ್ಪೆಟ್ಟಿನೊಡನೆ ಸ್ವರ ಹುಟ್ಟಬೇಕು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲೂ ಬೇಕು. ಅಮೆರಿಕದ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಹುತೇಕ ಒಂದೇ ತೋರುಬೆರಳಿನಿಂದ ಆ ಕೆಲಸ ಮಾಡಿದನೆಂಬುದನ್ನು, ದುಬಾರಿ ಸಲಕರಣೆಗೆ ಹಾತೊರೆಯುವವರು ನೆನೆಯಬೇಕು.

ಆಂಪ್ಲಿಫೈಯರನ್ನು ಮೂಲೆಯಲ್ಲಿಟ್ಟರೆ ಗೋಡೆಗಳು ಮಂದ್ರವನ್ನು ಹೆಚ್ಚಿಸಿ ಮಾತನ್ನು ನುಂಗುತ್ತವೆ. ಅದನ್ನು ಕುರ್ಚಿಯ ಮೇಲೆ, ಗೋಡೆಯಿಂದ ದೂರ ಇರಿಸಬೇಕು. ಮೊರೆಯುವ ಸಭಾಗೃಹದಲ್ಲಿ ಬೇಸ್ ಗುಂಡಿಯನ್ನು ಇಳಿಸಿ ಮಿಡಲ್ ಗುಂಡಿಯನ್ನು ತುಸು ಏರಿಸಿದರೆ ಸ್ವರ ಬಿಡಿಬಿಡಿಯಾಗುವುದು. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ಕಲಾಮಂದಿರದಂಥ, ಠಾಣೆಯ ಗಡ್ಕರಿ ರಂಗಾಯತನದಂಥ ದೊಡ್ಡ ರಂಗಮಂದಿರಗಳಲ್ಲಿ ಕಡೆಯ ಸಾಲಿಗೆ ಹೋಗಿ ಕೇಳಿ ಬರುವ ಒಬ್ಬ ಗೆಳೆಯನಿರಬೇಕು. ವೇದಿಕೆಯ ಮೇಲಿನವನ ಕಿವಿಗೆ ನಿಜ ತಿಳಿಯದು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಹಗುರವಾಗಿ ಎಣಿಸಬಾರದು. ಪೆಂಡಾಲಿನ ತಾತ್ಕಾಲಿಕ ವಿದ್ಯುತ್ತಿಗೆ ಅರ್ಥಿಂಗ್ ಇದೆಯೇ ಎಂದು ಕೇಳದೆ ತಂತಿವಾದ್ಯವನ್ನು ಜೋಡಿಸಕೂಡದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರುವಾದಕನು ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ಪ್ರಾಣ ಕಳೆದುಕೊಂಡನು. ನಾಚಿಕೆಪಟ್ಟು ಕೇಳದಿರುವುದಕ್ಕಿಂತ ಕೇಳಿ ಬೈಸಿಕೊಳ್ಳುವುದು ಲೇಸು.

ಆರು ಮಂದಿ ಮಲಗುವ ಖೋಲಿಯಲ್ಲಿ ಅಭ್ಯಾಸ ಎಂತು? ಮಂದ್ರಧ್ವನಿಯು ಗೋಡೆ ದಾಟಿ ನೆರೆಯವರ ನಿದ್ದೆ ಕೆಡಿಸುತ್ತದೆಂಬುದು ನಿಜ. ಆಂಪ್ಲಿಫೈಯರು ಬೇಡ. ವಾದ್ಯದ ತಲೆಯನ್ನು ಮರದ ಬೀರುವಿಗೆ ತಾಗಿಸಿ ಹಿಡಿದರೆ ನುಡಿಸುವವನಿಗೆ ಸಾಕಷ್ಟು ಕೇಳಿಸುತ್ತದೆ. ನಿಧಾನದ ತಾಳ ಹಿಡಿದು ದಿನಕ್ಕೆ ಅರ್ಧ ಗಂಟೆ ನುಡಿಸಿದರೂ ಸಾಕು. ಬಿಡುವಿನ ದಿನ ಮಾತ್ರ ನಾಲ್ಕು ಗಂಟೆ ಕೂರುವುದಕ್ಕಿಂತ ಫಲ ಹೆಚ್ಚು.

ದುರಸ್ತಿಗಾರರಿಗೆ ಕೊಟ್ಟ ಹಣವು ಹೊಸ ವಾದ್ಯದ ಬೆಲೆಯ ಮುಂದೆ ಏನೂ ಅಲ್ಲ. ತರುಣನು ಸಾಲದ ಮಾತನ್ನು ಮತ್ತೆ ಎತ್ತಲಿಲ್ಲ. ನವರಾತ್ರಿಯ ಕರೆ ಅವನಿಗೆ ಬರಲಿಲ್ಲವೆಂಬುದನ್ನು ಮರೆಮಾಚುವುದು ಸಲ್ಲ. ಬೇರೆಯವರು ಆಗಲೇ ಗೊತ್ತಾಗಿದ್ದರು. ಆದರೆ ರಿಹರ್ಸಲಿಗೆ ಬಂದು ಹೋಗೆಂದು ತಂಡದವರು ಹೇಳಿದ್ದಾರೆ. ಭಟ್ಟಿ ಆರಿದ ಮೇಲೆ, ಹನ್ನೊಂದು ಗಂಟೆಯ ಅನಂತರ ಅವನು ಬೀರುವಿನ ಬದಿಯಲ್ಲಿ ಕುಳಿತು ನುಡಿಸುತ್ತಿರುವನೆಂದು ಅವನ ಖೋಲಿಯ ಜತೆಗಾರರು ನಮಗೆ ತಿಳಿಸಿದ್ದಾರೆ. ಅವನಿಗೂ, ಅವನಂತೆ ದುಡಿದು ಕಲಿಯುತ್ತಿರುವ ನಮ್ಮ ಎಲ್ಲ ಬಂಧುಗಳಿಗೂ ಯಶಸ್ಸನ್ನು ಹಾರೈಸುತ್ತೇವೆ.