ಅಢಾವೆ ಪತ್ರಿಕೆಯ ಆಚೆಗಿನ ಹೊಣೆ

‘ಹೊಣೆ’ ಅಚ್ಚಗನ್ನಡ ಪದ; ಹಳಗನ್ನಡದಲ್ಲಿ ಇದರ ರೂಪ ‘ಪೊಣೆ’. ಒಬ್ಬನ ಮಾತಿಗೆ ಇನ್ನೊಬ್ಬನು ಆಧಾರವಾಗಿ ನಿಲ್ಲುವುದು ಇದರ ಹಳೆಯ ಅರ್ಥಗಳಲ್ಲಿ ಒಂದು. ಅರಬ್ಬಿ ಮೂಲದ ‘ಜಾಮೀನು’, ‘ಖಾತರಿ’ ಎಂಬ ಪದಗಳು ತರುವಾಯ ಇದರ ಜೊತೆಗೂಡಿದವು. ಈ ಮೂರು ಪದಗಳೂ ಸೂಚಿಸುವ ಸ್ಥಿತಿ ಒಂದೇ: ಹಣ ಇನ್ನೂ ಕೈಬಿಟ್ಟಿಲ್ಲ, ಆದರೆ ಮಾತು ಕೊಟ್ಟಾಗಿದೆ. ಬ್ಯಾಂಕುಗಳ ಲೆಕ್ಕದಲ್ಲಿ ಈ ಸ್ಥಿತಿಗೆ ‘ಸಂಭಾವ್ಯ ಹೊಣೆ’ ಎಂದು ಹೆಸರು.

ಒಂದು ಕಲ್ಪಿತ ನಿದರ್ಶನದಿಂದ ಇದನ್ನು ಗ್ರಹಿಸಬಹುದು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕು ಕನ್ನಡಿಗರು ನೆಲೆಸಿರುವ, ಪದೇ ಪದೇ ಬರಕ್ಕೆ ತುತ್ತಾಗುವ ಗಡಿನಾಡು. ಅಲ್ಲಿನ ಮುಚ್ಚಂಡಿಯ ದಾಳಿಂಬೆ ಬೆಳೆಗಾರನೊಬ್ಬನಿಗೆ ಕಿಸಾನ್ ಕ್ರೆಡಿಟ್ ಕಾರ್ಡಿನ ಅಡಿಯಲ್ಲಿ 3 ಲಕ್ಷ ರೂಪಾಯಿಯ ಮಿತಿ ಮಂಜೂರಾಗಿದ್ದು, ಅವನು 1 ಲಕ್ಷವನ್ನಷ್ಟೇ ಪಡೆದಿದ್ದಾನೆಂದು ಭಾವಿಸಬಹುದು. ಬ್ಯಾಂಕಿನ ಅಢಾವೆ ಪತ್ರಿಕೆಯಲ್ಲಿ ಸಾಲವೆಂದು ಕಾಣುವುದು ಆ 1 ಲಕ್ಷ ಮಾತ್ರ. ಉಳಿದ 2 ಲಕ್ಷ ಕೇವಲ ವಚನ. ಆದರೆ ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ನೀರಿಗಾಗಿ ಒಬ್ಬನಲ್ಲ, ಊರಿಗೆ ಊರೇ ತನ್ನ ಮಿತಿಯ ಉಳಿಕೆಯನ್ನು ಕೇಳಲು ಬರಬಹುದು. ಬಿಡಿಯಾಗಿ ಕೊಟ್ಟ ವಚನಗಳು ಇಡಿಯಾಗಿ ಎದುರು ನಿಲ್ಲುವುದೇ ಈ ಹೊಣೆಯ ಮುಖ್ಯ ಅಪಾಯ.

1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯು ವಿಧಿಸಿದ ನಮೂನೆಯಂತೆ ಬ್ಯಾಂಕುಗಳು ಸಂಭಾವ್ಯ ಹೊಣೆಗಳನ್ನು 12ನೆಯ ಅನುಸೂಚಿಯಲ್ಲಿ ತೋರಿಸುತ್ತವೆ. ಗ್ರಾಹಕರ ಪರವಾಗಿ ನೀಡಿದ ಬ್ಯಾಂಕ್ ಗ್ಯಾರಂಟಿ, ಮುಂಗಡ ವಿದೇಶಿ ವಿನಿಮಯ ಒಪ್ಪಂದ, ಸಾಲವೆಂದು ಬ್ಯಾಂಕು ಒಪ್ಪಿಕೊಳ್ಳದ ಹಕ್ಕುಕೇಳಿಕೆ ಮುಂತಾದವು ಅಲ್ಲಿ ಬರುತ್ತವೆ. ಇವುಗಳ ಮೊತ್ತ ಆಸ್ತಿ ಮತ್ತು ಹೊಣೆಗಳ ಒಟ್ಟು ಮೊತ್ತದಲ್ಲಿ ಸೇರುವುದಿಲ್ಲ. ಆದರೂ ಸಾಲಕ್ಕೆ ಬದಲಾಗಿ ನಿಲ್ಲುವ ಖಾತರಿಯನ್ನು, ಬಂಡವಾಳದ ಅಗತ್ಯವನ್ನು ಅಳೆಯುವಾಗ, ಬಾಸೆಲ್ ನಿಯಮಗಳು ನೂರಕ್ಕೆ ನೂರು ಸಾಲದಂತೆಯೇ ಎಣಿಸುತ್ತವೆ.

ಹಕ್ಕುಕೇಳಿಕೆಗಳಲ್ಲಿ ನ್ಯಾಯಾಲಯದ ವ್ಯಾಜ್ಯಗಳೂ ಸೇರುತ್ತವೆ. ಭಾರತದ 29ನೆಯ ಲೆಕ್ಕ ಮಾನದಂಡವು ಇಲ್ಲಿ ಮೂರು ಹಂತಗಳನ್ನು ಗುರುತಿಸುತ್ತದೆ. ಹಣ ತೆರಬೇಕಾಗದಿರುವುದಕ್ಕಿಂತ ತೆರಬೇಕಾಗುವ ಸಂಭವವೇ ಹೆಚ್ಚಾಗಿದ್ದು ಮೊತ್ತವನ್ನು ಅಂದಾಜಿಸಲು ಸಾಧ್ಯವಿದ್ದರೆ, ಅದಕ್ಕಾಗಿ ಲಾಭದಿಂದ ಹಣ ಕಾದಿರಿಸಬೇಕು. ತೆರಬೇಕಾದೀತು ಎಂಬ ಸಾಧ್ಯತೆ ಮಾತ್ರ ಇದ್ದರೆ ಟಿಪ್ಪಣಿಯಲ್ಲಿ ತಿಳಿಸಬೇಕು. ಸಾಧ್ಯತೆ ತೀರ ಕ್ಷೀಣವಾಗಿದ್ದರೆ ಎರಡೂ ಬೇಕಿಲ್ಲ.

ತಿಳಿಸದೆ ಉಳಿದ ವಚನ ಏನು ಮಾಡಬಲ್ಲದೆಂಬುದಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ಸಾಕ್ಷಿ. ಅದರ ಮುಂಬೈ ಶಾಖೆಯೊಂದರಿಂದ ಹೊರಟ ಖಾತರಿಪತ್ರಗಳ ಸಂದೇಶಗಳು ಸ್ವಿಫ್ಟ್ ಜಾಲದಲ್ಲಿ ಸಾಗಿದರೂ ಬ್ಯಾಂಕಿನ ಮೂಲ ಲೆಕ್ಕವ್ಯವಸ್ಥೆಯಲ್ಲಿ ದಾಖಲಾಗಿರಲಿಲ್ಲ. 2018ರ ಫೆಬ್ರವರಿಯಲ್ಲಿ ಬಹಿರಂಗವಾದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಮರುತಿಂಗಳೇ ರಿಸರ್ವ್ ಬ್ಯಾಂಕು ಆಮದು ವ್ಯಾಪಾರದ ಸಾಲಕ್ಕೆ ಅಂಥ ಪತ್ರಗಳನ್ನು ನೀಡುವುದನ್ನೇ ನಿಲ್ಲಿಸಿತು.

ಸಂಭಾವ್ಯ ಹೊಣೆ ಬ್ಯಾಂಕಿಗಷ್ಟೇ ಸೀಮಿತವಲ್ಲ; ಜಾಮೀನು ನಿಂತವರಿಗೂ ಅದು ತಟ್ಟುತ್ತದೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಕಿಂಗ್‌ಫಿಷರ್ ಏರ್‌ಲೈನ್ಸ್ ಪರವಾಗಿ ಖಾತರಿ ನೀಡಿದ್ದ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ (ಹೋಲ್ಡಿಂಗ್ಸ್) ಕಂಪನಿಯನ್ನು ಮುಚ್ಚುವಂತೆ ಕರ್ನಾಟಕ ಹೈಕೋರ್ಟ್ 2017ರಲ್ಲಿ ಆದೇಶಿಸಿತು. ವಿಮಾನ ಹಾರಿಸಿದ್ದು ಒಂದು ಸಂಸ್ಥೆ, ಖಾತರಿಯ ಭಾರಕ್ಕೆ ಕುಸಿದದ್ದು ಮತ್ತೊಂದು.

ಮುಚ್ಚಂಡಿಯಂಥ ಊರಿನಲ್ಲಿ ನೆರೆಯವನ ಸಾಲಪತ್ರಕ್ಕೆ ಸಹಿ ಹಾಕುವುದು ಸ್ನೇಹದ ಸಂಗತಿ. ಅಕ್ಷರ ಬಲ್ಲ ಮಗನೋ ಮಗಳೋ ಆ ಪತ್ರವನ್ನು ಮೊದಲು ಹಿರಿಯರಿಗೆ ಓದಿ ಹೇಳಬೇಕು. ಸಹಿಯಾದ ದಿನ ಮನೆಯಿಂದ ಒಂದು ರೂಪಾಯಿಯೂ ಹೊರಹೋಗುವುದಿಲ್ಲ. ಆದರೆ ಆ ದಿನದಿಂದಲೇ ಮನೆಯ ಮೇಲೆ ಹೊಣೆ ಕೂತಿರುತ್ತದೆ.